‘ಕೆಲಸದಾಗ ಮನಸ್ಸಿಲ್ರೀ’: ಯೂನಿಯನ್ ಪದಾಧಿಕಾರಿಯೊಬ್ಬರ ಪ್ರಕರಣ

ಇವರು ಕಲಬುರಗಿ ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ವಯಸ್ಸು ನಲವತ್ತು ದಾಟಿದೆ. ಐಟಿಐ ಮುಗಿಸಿ ಸೇರಿದ ಮೊದಲ ಕೆಲಸವೇ ಇದು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಸಲಹೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದವರು ಹೆಂಡತಿ. ನಿದ್ದೆ ಇಲ್ಲ, ಮಗನ ಮೇಲೆ ರೇಗಾಟ, ಊಟಕ್ಕೆ ಕೂತರೂ ಮಾತಿಲ್ಲ ಎಂಬುದು ಅವರ ದೂರು. ಇವರು ಹೇಳಿದ್ದು ಒಂದೇ ಮಾತು: “ಕೆಲಸದಾಗ ಮನಸ್ಸಿಲ್ರೀ.”

ಮೊದಲು ಮಾಡಬೇಕಾದದ್ದನ್ನು ಮಾಡಿದೆ. ಕುಡಿತ, ಜೀವ ಬೇಡ ಎನ್ನುವ ಯೋಚನೆ, ಬಿಪಿ, ಶುಗರ್ ಎಲ್ಲವನ್ನೂ ಕೇಳಿದೆ. ಬಿಪಿ ಸ್ವಲ್ಪ ಜಾಸ್ತಿ ಇತ್ತು, ಡಾಕ್ಟರ ಹತ್ತಿರ ಕಳಿಸಿದೆ. ಸಿ ಶಿಫ್ಟ್ (ರಾತ್ರಿ ಪಾಳಿ) ಮುಗಿಸಿ ಬಂದ ದಿನ ಫೋನ್ ಬೇರೆ ಕೋಣೆಯಲ್ಲಿಟ್ಟು, ಕಿಟಕಿ ಮುಚ್ಚಿ ಮಲಗಲು ಹೇಳಿದೆ. ಏಪ್ರಿಲ್ ಬಿಸಿಲಲ್ಲಿ ಹಗಲು ನಿದ್ದೆ ಮಾಡಿ ಎನ್ನುವುದು ನಮ್ಮ ಕಡೆ ಸುಲಭದ ಸಲಹೆಯಲ್ಲ, ಗೊತ್ತು.

ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಇವರು ಯೂನಿಯನ್ನಿನ ಜಂಟಿ ಕಾರ್ಯದರ್ಶಿ ಆದ ಮೇಲೆ ಫೋರ್‌ಮನ್ ಹುದ್ದೆ ಇವರಿಗಿಂತ ಕಿರಿಯರೊಬ್ಬರಿಗೆ ಹೋಯಿತು. ಆ ಹುಡುಗನಿಗೆ ಕೆಲಸ ಕಲಿಸಿದವರು ಇವರೇ. “ಯೂನಿಯನ್ ಕಡಿಮಿ ಮಾಡ್ರಿ, ಮುಂದಿನ ಸಲ ನೋಡೋಣ” ಎಂದು ಸಾಹೇಬರೊಬ್ಬರು ಚಹಾ ಕುಡಿಯುತ್ತಾ ಹೇಳಿದರಂತೆ. ಮೊದಲೆಲ್ಲ ಮಿಲ್ಲಿನ ಗೇರ್‌ಬಾಕ್ಸ್ ಸದ್ದು ಬದಲಾದರೆ ಸಾಕು, ಬೇರಿಂಗ್ ಹೋಗ್ತದ ಎಂದು ತಾವಾಗಿ ಓಡುತ್ತಿದ್ದವರು ಈಗ “ಕೂಗಲಿ ಬಿಡು, ಬರದು ಕೊಟ್ರ ನೋಡ್ತೀನಿ” ಎನ್ನುತ್ತಾರೆ.

ಕಂಪನಿ ಇವರನ್ನು ಪ್ರೇರಣೆಯ ತರಬೇತಿಗೂ ಕಳಿಸಿತ್ತು. ಹೋಟೆಲ್ ಹಾಲ್, ಪರದೆಯ ಮೇಲೆ ಮನೋವಿಜ್ಞಾನಿ ಮಾಸ್ಲೊನ ಹೆಸರಿನ ಅಗತ್ಯಗಳ ತ್ರಿಕೋನ: ಕೆಳಗೆ ಅನ್ನ, ಮೇಲೆ ಆತ್ಮಸಾಕ್ಷಾತ್ಕಾರ. (ಆ ತ್ರಿಕೋನ ಮಾಸ್ಲೊ ಬರೆದದ್ದೇ ಅಲ್ಲ. 1943ರ ಲೇಖನದಲ್ಲಿ ಅವನು ಈ ಕ್ರಮ ಅಷ್ಟೇನೂ ಬಿಗಿಯಲ್ಲ ಎಂದಿದ್ದ. ತರಬೇತಿಯವರು ಅದನ್ನು ಹೇಳುವುದಿಲ್ಲ.) ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ ಎಂಬ ಬೋರ್ಡ್. ಗುತ್ತಿಗೆ ಹುಡುಗರು ಓಟಿ (ಹೆಚ್ಚುವರಿ ತಾಸಿನ) ಹಣ ಕೇಳಿದರೆ ಅದೇ ಬೋರ್ಡ್ ತೋರಿಸುತ್ತಾರಂತೆ. ಬಸವಕಲ್ಯಾಣ ಇಲ್ಲೇ ಪಕ್ಕದ ಜಿಲ್ಲೆ. ಶರಣರು ಕಾಯಕದ ಜೊತೆ ದಾಸೋಹವನ್ನೂ ಹೇಳಿದ್ದರು ಎಂದು ಆ ಸಾಹೇಬರಿಗೆ ಯಾರಾದರೂ ನೆನಪಿಸಬೇಕು.

ಇಲ್ಲಿ ನನ್ನ ನಿಲುವು ಸ್ಪಷ್ಟ. ಅನ್ಯಾಯಕ್ಕೆ ಬಂದ ಸಿಟ್ಟನ್ನು ಮನಸ್ಸಿನ ರೋಗ ಎಂದು ಬರೆದುಕೊಳ್ಳಲು ನಾನು ತಯಾರಿಲ್ಲ. ಮನೋವಿಜ್ಞಾನಿ ಜಾನ್ ಸ್ಟೇಸಿ ಆಡಮ್ಸ್ 1963ರಲ್ಲಿ ಹೇಳಿದ್ದು ಇದನ್ನೇ. ಮನುಷ್ಯ ತಾನು ಹಾಕಿದ್ದೆಷ್ಟು, ಪಡೆದದ್ದೆಷ್ಟು ಎಂದು ಪಕ್ಕದವನ ಜೊತೆ ತೂಗಿ ನೋಡುತ್ತಾನೆ. ತೂಕ ತಪ್ಪಿತು ಅನ್ನಿಸಿದರೆ ತಾನು ಹಾಕುವುದನ್ನು ಕಡಿಮೆ ಮಾಡುತ್ತಾನೆ. ಇವರು ಮಾಡಿದ್ದೂ ಅದೇ. ಸೋಮಾರಿತನ ಅಲ್ಲ, ಲೆಕ್ಕ.

ಆದರೆ ಆ ಲೆಕ್ಕದಲ್ಲಿ ಅವರೂ ಸೋಲುತ್ತಿದ್ದರು. ಬೇರಿಂಗಿನ ಸದ್ದು ಕೇಳಿಯೂ ಸುಮ್ನೆ ಕೂರುವುದು ಅವರಿಗೇ ಹಿಂಸೆ. ಅದಕ್ಕೇ ಒಂದು ಹಾಳೆ ಕೊಟ್ಟು ಎರಡು ಕಾಲಂ ಮಾಡಿಸಿದೆ. ಎಡಕ್ಕೆ ‘ನನಗೆ ಬರಬೇಕಾದದ್ದು’, ಬಲಕ್ಕೆ ‘ನಾನು ಕಳಕೊಂಡದ್ದು’. ಇದರ ಹಿಂದೆ ಇರುವುದು ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್. 1959ರಲ್ಲಿ ಅವನು ಹೇಳಿದ್ದು: ಸಂಬಳ, ನಿಯಮ, ಮೇಲಿನವರ ನಡವಳಿಕೆ, ಕೆಲಸದ ಜಾಗ ಕೆಟ್ಟರೆ ಬೇಸರ ಬರುತ್ತದೆ. ಸರಿಹೋದರೆ ಬೇಸರ ಹೋಗುತ್ತದೆ, ಅಷ್ಟೇ. ಹುರುಪು ಬರುವುದು ಕೆಲಸದಿಂದಲೇ, ಜವಾಬ್ದಾರಿ, ಮೆಚ್ಚುಗೆ, ಬೆಳವಣಿಗೆಯಿಂದ. ಅವನು ಮಾತಾಡಿಸಿದ್ದು ಪಿಟ್ಸ್‌ಬರ್ಗಿನ ಸುಮಾರು 200 ಎಂಜಿನಿಯರ್‌ಗಳು ಮತ್ತು ಲೆಕ್ಕಿಗರನ್ನು. ನಮ್ಮ ಫಿಟ್ಟರಿಗೆ ಪೂರಾ ಒಪ್ಪುತ್ತದೆ ಎಂದು ನಾನು ಹೇಳಲಾರೆ. ಆದರೆ ಹಾಳೆ ತುಂಬಿತು. ಎಡಕ್ಕೆ ಧೂಳಿನ ಮಾಸ್ಕ್, ಓಟಿ, ಸಾಹೇಬರ ಮಾತು. ಬಲಕ್ಕೆ ಗೇರ್‌ಬಾಕ್ಸ್, ಅಪ್ರೆಂಟಿಸ್ ಹುಡುಗರಿಗೆ ಕಲಿಸುವುದು, “ಕೇಳೋರು ಇದ್ರು”. ಬಡ್ತಿ ಮಾತ್ರ ಎರಡೂ ಕಡೆ ಬಂತು.

ಎಡಗಡೆಯದು ಸಲಹೆಗಾರರ ಕೋಣೆಯಲ್ಲಿ ಬಗೆಹರಿಯುವುದಿಲ್ಲ. ಅದು ಯೂನಿಯನ್ನಿನ ಕೆಲಸ. ಸಂಘದ ಚಟುವಟಿಕೆ ಮಾಡಿದ ಎಂದು ಬಡ್ತಿ ತಡೆಯುವುದು 1947ರ ಕೈಗಾರಿಕಾ ವಿವಾದ ಕಾಯಿದೆಯ ಐದನೇ ಷೆಡ್ಯೂಲಿನಲ್ಲೇ ಅನುಚಿತ ಪದ್ಧತಿ ಎಂದಿತ್ತು. ಕಾರ್ಮಿಕರ ನಡುವೆ ಒಡಕು ತರಲು ಅರ್ಹತೆ ಇಲ್ಲದವರಿಗೆ ಬಡ್ತಿ ಕೊಡುವುದೂ ಅದೇ ಪಟ್ಟಿಯಲ್ಲಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯ ಎರಡನೇ ಷೆಡ್ಯೂಲಿಗೂ ಇವು ಬಂದಿವೆ. ವಾರಕ್ಕೆ 48 ತಾಸು ಮೀರಿದರೆ ಎರಡು ಪಟ್ಟು ಕೂಲಿ ಎಂಬುದು ಗುತ್ತಿಗೆ ಹುಡುಗರಿಗೂ ಅನ್ವಯ.

ಇಷ್ಟೆಲ್ಲ ಗೊತ್ತಿದ್ದ ಮನುಷ್ಯ ಇವರು. ಆದರೂ ಕೇಳಿರಲಿಲ್ಲ. ಕಾರಣ: “ಪದಾಧಿಕಾರಿ ಆಗಿ ಸ್ವಂತಕ್ಕ ಕೇಳಿದ ಅಂತಾರ್ರೀ.” ಈ ಸಂಕೋಚವೇ ಅವರನ್ನು ಒಳಗೆ ತಿನ್ನುತ್ತಿತ್ತು. ಬೇರೆಯವರ ಒಂದು ದಿನದ ಸಂಬಳಕ್ಕೆ ಗೇಟಿನಲ್ಲಿ ಕೂಗುವವರು ತಮ್ಮದನ್ನು ಮನೆಗೆ ಹೊತ್ತು ತಂದು ಮಗನ ಮೇಲೆ ಇಳಿಸುತ್ತಿದ್ದರು.

ನಾನು ಕೊಟ್ಟ ಸಲಹೆ ಹೀಗಿತ್ತು. ನಿಮ್ಮ ಹೆಸರಿನಲ್ಲಿ ಬಡ್ತಿ ಕೇಳಬೇಡಿ. ಬಡ್ತಿಯ ಮಾನದಂಡ ಏನು ಎಂದು ಎಲ್ಲರಿಗಾಗಿ ಬರಹದಲ್ಲಿ ಕೇಳಿ, ಮಂಡಿಸುವವರು ಬೇರೊಬ್ಬ ಪದಾಧಿಕಾರಿ ಇರಲಿ. ಚಹಾದ ಹೊತ್ತಿನ ಮಾತನ್ನು ತಾರೀಖು ಹಾಕಿ ಬರೆದಿಡಿ. ಆ ಕಿರಿಯನ ಮೇಲೆ ಸಿಟ್ಟು ಬೇಡ, ಅವನಿಗೆ ಕೆಲಸ ಹೇಳಿಕೊಡುವುದನ್ನು ನಿಲ್ಲಿಸಬೇಡಿ. ಅದನ್ನು ನಿಲ್ಲಿಸಿದರೆ ಒಡಕು ನಿಜವಾಗುತ್ತದೆ.

ಬಲಗಡೆಯದಕ್ಕೆ ದಾರಿ ಕಾರ್ಖಾನೆಯೊಳಗೇ ಇತ್ತು. ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಯಲ್ಲಿ ಕಾರ್ಮಿಕರು, ಆಡಳಿತದವರು ಸಮಾನ ಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಬೇಕು ಎಂದು 1987ರ ತಿದ್ದುಪಡಿಯಲ್ಲಿ ಕಾರ್ಖಾನೆ ಕಾಯಿದೆಗೆ ಸೇರಿಸಿದ್ದರು. ಅಪಾಯಕಾರಿ ಪ್ರಕ್ರಿಯೆಗಳ ಪಟ್ಟಿಯಲ್ಲಿ ಸಿಮೆಂಟೂ ಇತ್ತು. ಇಲ್ಲಿ ಸಮಿತಿ ಇತ್ತು, ಕಾರ್ಮಿಕರ ಒಂದು ಜಾಗ ಖಾಲಿ ಇತ್ತು. ಯೂನಿಯನ್ ಎಂದರೆ ಬರೀ ಬೋನಸ್ ಚೌಕಾಶಿ ಎಂದುಕೊಂಡಿದ್ದೇವೆ, ಅಲ್ವಾ? ಯಂತ್ರದ ಸದ್ದು ಗೊತ್ತಿರುವವನ ಮಾತಿಗೆ ಬೆಲೆ ಬರುವ ಜಾಗವೂ ಅದರಿಂದಲೇ ಸಿಗಬಹುದು.

“ಯೂನಿಯನ್ ಬಿಟ್ಟ ಬಿಡಲೇನ್ರೀ?” ಎಂದೂ ಕೇಳಿದರು. ಹೆಂಡತಿಗೆ ಬೇಕಾದದ್ದು ಅದೇ. ನಾನು ತಿರುಗಿ ಕೇಳಿದೆ: ಪ್ರಮೋಷನ್ ಸಿಕ್ಕಿದ್ದರೂ ಯೂನಿಯನ್ ಕೆಲಸ ಮಾಡುತ್ತಿದ್ದಿರಾ? “ಮಾಡ್ತಿದ್ದೆ” ಎಂದರು, ತಡಮಾಡಲಿಲ್ಲ. ಹಾಗಿದ್ದರೆ ಈ ವಿಷಯ ಇತ್ಯರ್ಥ ಆಗುವವರೆಗೆ ಆ ನಿರ್ಧಾರ ಬೇಡ ಎಂದೆ.

ಈಗ ಸುರಕ್ಷತಾ ಸಮಿತಿಗೆ ಹೋಗುತ್ತಿದ್ದಾರೆ. ಮಾಸ್ಕ್ ಬಂದಿವೆ. ನಿದ್ದೆ ಪರವಾಗಿಲ್ಲ, ಬಿಪಿ ಮಾತ್ರೆ ನಡೆದಿದೆ. ಮಾನದಂಡದ ಪತ್ರಕ್ಕೆ ಉತ್ತರ ಬಂದಿಲ್ಲ, ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಒಯ್ಯುವ ಮಾತಿದೆ. ಹೆಂಡತಿಗೆ ಇನ್ನೂ ಸಮಾಧಾನವಿಲ್ಲ. ಮುಂದಿನ ಸಲ ಮಗನನ್ನೂ ಕರೆತರಲು ಹೇಳಿದ್ದೇನೆ.