ಚಾಕುವಿಗೆ ಮನೆಯಲ್ಲೇ ಹೊಸ ಹಿಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಉಡುಪಿ ಕಡೆಯಿಂದ ತಂದ ದಪ್ಪ ಅಲಗಿನ ಚಾಕು ನಮ್ಮ ಅಡುಗೆಮನೆಯಲ್ಲಿದೆ. ಉಕ್ಕು ಚೆನ್ನಾಗಿದೆ. ಆದರೆ ರಿವೆಟ್ ಹೊಡೆದ ಪ್ಲಾಸ್ಟಿಕ್ ಹಿಡಿ ತೀರಾ ತೆಳುವಾಗಿದ್ದು, ಒದ್ದೆ ಕೈಯಲ್ಲಿ ಜಾರುತ್ತದೆ. ಹಳೆಯ ಬಾಗಿಲಿನ ತೇಗದ ತುಂಡೊಂದು ಮನೆಯಲ್ಲಿದೆ. ಅದರಿಂದ ನಾನೇ ಹೊಸ ಹಿಡಿ ಕೂರಿಸಬಹುದೇ? (ಓದುಗರು, ಡೊಂಬಿವಲಿ)

ಉತ್ತರ: ಖಂಡಿತ ಕೂರಿಸಬಹುದು. ಹಳೆಯ ಬಾಗಿಲಿನ ತೇಗ ಸಿಕ್ಕಿರುವುದು ಅದೃಷ್ಟವೇ ಸರಿ, ಏಕೆಂದರೆ ಅಷ್ಟು ವರ್ಷ ಒಣಗಿದ ಮರ ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಕೆಲಸಕ್ಕೆ ಕೈಹಾಕುವ ಮೊದಲು ಅಲಗಿಗೆ ದಪ್ಪ ರಟ್ಟು ಸುತ್ತಿ, ಅದರ ಮೇಲೆ ಟೇಪ್ ಬಿಗಿಯಿರಿ. ಹಿಡಿ ಕೂರಿಸುವಾಗ ಆಗುವ ಗಾಯಗಳಲ್ಲಿ ಹೆಚ್ಚಿನವು ಬರಿಯ ಅಲಗನ್ನು ಹಿಡಿದುಕೊಂಡು ಹಿಡಿಯನ್ನು ಉಜ್ಜುವುದರಿಂದಲೇ ಆಗುತ್ತವೆ.

ಹಳೆಯ ಹಿಡಿಯನ್ನು ಬೆಂಕಿಗೆ ಹಿಡಿದು ಕರಗಿಸಬೇಡಿ. ರಿವೆಟ್‌ನ ತಲೆಯನ್ನು ಡ್ರಿಲ್‌ನಿಂದ ಕೊರೆದು, ಉಳಿದದ್ದನ್ನು ಮೊಳೆಯಂಥ ಸರಳಿನಿಂದ ಹಿಂದಕ್ಕೆ ತಟ್ಟಿದರೆ ಪ್ಲಾಸ್ಟಿಕ್ ಬಿಟ್ಟುಕೊಳ್ಳುತ್ತದೆ. ಹಿಡಿಯ ಉದ್ದಕ್ಕೂ ಹಾದುಹೋದ ಉಕ್ಕಿನ ಪಟ್ಟಿ, ಅಂದರೆ ಟ್ಯಾಂಗ್, ಆಗ ಕಾಣಿಸುತ್ತದೆ. ಅದರ ಮೇಲಿನ ತುಕ್ಕನ್ನು ಪೂರ್ತಿ ತೆಗೆದು, 80ನೇ ನಂಬರಿನ ಪಾಲಿಶ್ ಪೇಪರ್‌ನಿಂದ (ನಂಬರು ಹೆಚ್ಚಿದಷ್ಟೂ ಪೇಪರ್ ನಯ) ಎರಡೂ ಮೈಯನ್ನು ಒರಟಾಗಿಸಿ. ನುಣುಪಾದ ಉಕ್ಕಿಗೆ ಅಂಟು ಕಚ್ಚುವುದಿಲ್ಲ.

ಹಿಡಿಯ ಆಕಾರವನ್ನು ಕಣ್ಣಿಗಿಂತ ಕೈ ನಿರ್ಧರಿಸಲಿ. ಟ್ಯಾಂಗ್‌ನ ಎರಡೂ ಬದಿಗೆ ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟನ್ನು ಒತ್ತಿ, ತರಕಾರಿ ಹೆಚ್ಚುವಾಗ ಹೇಗೆ ಹಿಡಿಯುತ್ತೀರೋ ಹಾಗೆಯೇ ಒಮ್ಮೆ ಹಿಡಿದುಬಿಡಿ. ಅಂಗೈ ಎಲ್ಲಿ ತುಂಬಬೇಕು, ಕಿರುಬೆರಳು ಎಲ್ಲಿ ಕೊನೆಗೊಳ್ಳುತ್ತದೆ ಎಂಬುದು ಆ ಹಿಟ್ಟಿನಲ್ಲಿ ಅಚ್ಚಾಗುತ್ತದೆ. ಅದರ ಅಳತೆಯನ್ನು ಬರೆದಿಟ್ಟುಕೊಳ್ಳಿ. ಅಡ್ಡಕೊಯ್ತದಲ್ಲಿ ಹಿಡಿ ಅಂಡಾಕಾರವಾಗಿರಬೇಕು. ದುಂಡಗಿನ ಹಿಡಿ ಕೈಯಲ್ಲಿ ತಿರುಗುತ್ತದೆ, ಅಲಗಿನ ಬಾಯಿ ಯಾವ ಕಡೆಗಿದೆ ಎಂಬುದು ನೋಡದೆ ತಿಳಿಯುವುದಿಲ್ಲ. ಬೆರಳುಗಳಿಗೆಂದು ಒಂದೊಂದು ತಗ್ಗು ಕೊರೆಯುವ ಆಸೆಯನ್ನು ಬಿಟ್ಟುಬಿಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಅದು ಒಂದೇ ಕೈಗೆ, ಒಂದೇ ಹಿಡಿತಕ್ಕೆ ಹೊಂದುತ್ತದೆ, ಮನೆಯ ಇನ್ನೊಬ್ಬರಿಗೆ ಅದೇ ತೊಂದರೆ ಕೊಡುತ್ತದೆ.

ಮರವನ್ನು ನಾರು ಹಿಡಿಯ ಉದ್ದಕ್ಕೆ ಬರುವಂತೆ, ಸುಮಾರು 10 ಮಿ.ಮೀ. ದಪ್ಪದ ಎರಡು ಹೋಳುಗಳಾಗಿ ಕೊಯ್ಯಿಸಿ. ಗಾಜಿನ ಮೇಲೆ ಪಾಲಿಶ್ ಪೇಪರ್ ಹಾಸಿ, ಟ್ಯಾಂಗ್‌ಗೆ ತಾಗುವ ಮೈಯನ್ನು ಅದರ ಮೇಲೆ ಉಜ್ಜಿದರೆ ಸಮತಟ್ಟಾಗುತ್ತದೆ. ಹೋಳನ್ನು ಟ್ಯಾಂಗ್‌ಗೆ ಒತ್ತಿ ಬೆಳಕಿಗೆ ಹಿಡಿದಾಗ ನಡುವೆ ಗೆರೆಯಷ್ಟೂ ಬೆಳಕು ಕಾಣಬಾರದು. ಒಂದು ಹೋಳನ್ನು ಟ್ಯಾಂಗ್‌ಗೆ ಬಿಗಿದು, ಅದರ ತೂತುಗಳ ಮೂಲಕವೇ ಮರವನ್ನು ಕೊರೆಯಿರಿ. ಕೆಳಗೆ ಹಲಗೆ ಇಟ್ಟರೆ ಮರ ಸಿಬಿರೇಳುವುದಿಲ್ಲ. ರಿವೆಟ್‌ನ ಬದಲಿಗೆ ಹಾಕುವ ಹಿತ್ತಾಳೆ ಸರಳು ತೂತಿನೊಳಗೆ ಕೈಯಿಂದಲೇ ಹೋಗುವಷ್ಟು ಸಡಿಲವಿರಲಿ, ಬಡಿದು ತೂರಿಸಿದರೆ ಮರ ಸೀಳುತ್ತದೆ. ಇಂಥ ಸಾಮಾನಿಗೆ ಮುಂಬಯಿಯವರು ನಾಗದೇವಿ ರಸ್ತೆಯ ಅಂಗಡಿಗಳನ್ನು, ಪುಣೆಯವರು ಬೋಹ್ರಿ ಆಳಿಯನ್ನು ನೋಡಬಹುದು.

ಹೊಸಬರು ಮರೆಯುವ ಸಂಗತಿಯೊಂದನ್ನು ಒತ್ತಿ ಹೇಳುತ್ತೇನೆ. ಅಲಗಿನ ಕಡೆಗಿರುವ ಹೋಳುಗಳ ತುದಿಯನ್ನು ಅಂಟಿಸುವ ಮೊದಲೇ ಪೂರ್ತಿ ನಯಗೊಳಿಸಿ, ಎರಡೂ ಒಂದೇ ಸಮಕ್ಕೆ ಬರುವಂತೆ ಮಾಡಿರಬೇಕು. ಅಂಟಿದ ಮೇಲೆ ಅಲ್ಲಿ ಉಜ್ಜಿದರೆ ಅಲಗಿನ ಮೈಮೇಲೆ ಗೀರು ಬೀಳುವುದು ತಪ್ಪುವುದಿಲ್ಲ.

ತೇಗದಲ್ಲಿ ಸ್ವಾಭಾವಿಕ ಎಣ್ಣೆಯಂಶವಿದೆ. ಅದು ಮರವನ್ನು ನೀರಿನಿಂದ ಕಾಯುತ್ತದೆ, ಆದರೆ ಅಂಟನ್ನೂ ದೂರವಿಡುತ್ತದೆ. ಆದ್ದರಿಂದ ಅಂಟಿಸುವ ತುಸು ಮೊದಲು ಮರವನ್ನೂ ಉಕ್ಕನ್ನೂ ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಮೇಲೆ ಬೆರಳು ತಾಗಿಸಬೇಡಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟಿಗಿಂತ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್‌ನಂಥ ಎಪಾಕ್ಸಿ ಉತ್ತಮ. ಎರಡು ಟ್ಯೂಬ್‌ಗಳಿಂದಲೂ ಸಮ ಪ್ರಮಾಣದಲ್ಲಿ ತೆಗೆದು ಚೆನ್ನಾಗಿ ಕಲಸಿ, ಸರಳುಗಳಿಗೂ ಹಚ್ಚಿ. ಹೋಳುಗಳನ್ನು ಒತ್ತಿಹಿಡಿಯುವ ಕ್ಲ್ಯಾಂಪನ್ನು ಬಲವಾಗಿ ತಿರುಚಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಹೋಳುಗಳು ಕದಲದಷ್ಟು ಬಿಗಿ ಸಾಕು. ಅಲಗಿನ ಬುಡದಲ್ಲಿ ಉಕ್ಕಿ ಬಂದ ಅಂಟನ್ನು ಹಸಿಯಿರುವಾಗಲೇ ಒರೆಸಿ, ಒಂದು ದಿನ ಮುಟ್ಟದೆ ಬಿಡಿ.

ಆಮೇಲಿನದು ತಾಳ್ಮೆಯ ಕೆಲಸ. ಅರದಿಂದ ಒರಟು ಆಕಾರ ಕೊಟ್ಟು, 80, 120, 220, 400ರ ಕ್ರಮದಲ್ಲಿ ಉಜ್ಜಿ. ಯಂತ್ರದಿಂದ ಉಜ್ಜುವುದಾದರೆ ಹಿತ್ತಾಳೆ ಸರಳನ್ನು ಆಗಾಗ ಮುಟ್ಟಿ ನೋಡಿ, ಬೆರಳಿಗೆ ಬಿಸಿ ತಗುಲಿದರೆ ನಿಲ್ಲಿಸಿ. ಆ ಬಿಸಿ ಸರಳಿನ ಮೂಲಕ ಒಳಗಿಳಿದು ಎಪಾಕ್ಸಿಯನ್ನು ಮೆದುಗೊಳಿಸುತ್ತದೆ. ಮರದ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಬೀಟೆಯ ಧೂಳು ಕೆಲವರ ಚರ್ಮಕ್ಕೂ ಆಗುವುದಿಲ್ಲ, ಆದ್ದರಿಂದ ಮಾಸ್ಕ್ ಧರಿಸಿಯೇ ಕೆಲಸ ಮಾಡಿ.

ಕೊನೆಯ ಎಣ್ಣೆಗೆ ನಮ್ಮ ಕರಾವಳಿಯವರು ತೆಂಗಿನೆಣ್ಣೆಯನ್ನೇ ಕೈಗೆತ್ತಿಕೊಳ್ಳುತ್ತಾರೆ. ಅದು ಒಣಗಿ ಗಟ್ಟಿಯಾಗುವ ಎಣ್ಣೆಯಲ್ಲ, ಹಿಡಿಯನ್ನು ಜಿಡ್ಡಾಗಿಯೇ ಇಡುತ್ತದೆ, ಕ್ರಮೇಣ ಕಮಟು ವಾಸನೆಯನ್ನೂ ಕೊಡುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ಅದನ್ನು ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಒಣಗಿದ ಮೇಲೆ ಮತ್ತೆ ಹಚ್ಚಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದುಡಿ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲುದು. ಅದನ್ನು ನೀರಿನಲ್ಲಿ ನೆನೆಸಿ, ಇಲ್ಲವೇ ಬಯಲಿನಲ್ಲಿ ಹರಡಿ ಒಣಗಿಸಿ.

ಮುಂಬಯಿಯ ಹವೆಯ ಬಗ್ಗೆ ಇನ್ನೊಂದು ಮಾತು. ಮರ ಮಳೆಗಾಲದ ತೇವ ಹೀರಿ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ, ಉಕ್ಕಂತೂ ಉಬ್ಬುವುದೇ ಇಲ್ಲ. ಜುಲೈಯಲ್ಲಿ ಉಕ್ಕಿಗೆ ಸರಿಸಮವಾಗಿ ಉಜ್ಜಿದ ಹಿಡಿ ಜನವರಿಯಲ್ಲಿ ಕುಗ್ಗಿದಾಗ ಟ್ಯಾಂಗ್‌ನ ಅಂಚು ಕೂದಲೆಳೆಯಷ್ಟು ಮೇಲೆದ್ದು ಅಂಗೈಗೆ ಒತ್ತುತ್ತದೆ. ಸಾಧ್ಯವಾದರೆ ದೀಪಾವಳಿಯ ನಂತರ ಈ ಕೆಲಸ ಹಿಡಿಯಿರಿ.

ಪ್ರಶ್ನೆ: ನಮ್ಮ ಚಾಕುವಿನ ಟ್ಯಾಂಗ್ ಕಡ್ಡಿಯಂತೆ ಸಣ್ಣದಾಗಿದ್ದು ಮರದ ಹಿಡಿಯೊಳಗೆ ಹುದುಗಿದೆ. ಈಗ ಹಿಡಿ ಸಡಿಲವಾಗಿ ಅಲ್ಲಾಡುತ್ತದೆ. ಟ್ಯಾಂಗನ್ನು ಕೆಂಪಗೆ ಕಾಯಿಸಿ ಮರಕ್ಕೆ ಚುಚ್ಚಿದರೆ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಸರಿಯೇ? (ಓದುಗರು, ಪುಣೆ)

ಉತ್ತರ: ಕಮ್ಮಾರರು ಕುಡುಗೋಲಿಗೆ ಹಾಗೆ ಮಾಡುವುದುಂಟು. ಅವರಿಗೆ ಬಿಸಿಯನ್ನು ಎಲ್ಲಿ ತಡೆಯಬೇಕೆಂಬ ಅಭ್ಯಾಸವಿದೆ. ಗ್ಯಾಸ್ ಒಲೆಯ ಮೇಲೆ ಕಾಯಿಸುವಾಗ ಬಿಸಿ ಅಲಗಿನತ್ತ ಹರಿಯುತ್ತದೆ. ಕಾರ್ಬನ್ ಉಕ್ಕಿನ ಅಲಗನ್ನು ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದ ಮಾಡಿರುತ್ತಾರೆ. ಸುಮಾರು 300 ಡಿಗ್ರಿ ತಲುಪಿದಾಗ ಉಕ್ಕು ನೀಲಿಗೆ ತಿರುಗುತ್ತದೆ. ಬಾಯಿಯ ಕಡೆ ಆ ನೀಲಿ ಕಂಡಿತೆಂದರೆ ಅಲ್ಲಿಯ ಗಡಸುತನ ಇಳಿದಿದೆ, ಇನ್ನು ಎಷ್ಟು ಮಸೆದರೂ ಮೊನಚು ಹಿಂದಿನಷ್ಟು ದಿನ ನಿಲ್ಲದು. ಸುಟ್ಟು ಇದ್ದಿಲಾದ ಮರವೂ ಟ್ಯಾಂಗನ್ನು ಬಹುಕಾಲ ಬಿಗಿಯಾಗಿ ಹಿಡಿದಿಡುವುದಿಲ್ಲ.

ಅಲಗನ್ನು ಹೊರತೆಗೆದು, ತೂತಿನೊಳಗಿನ ಹಳೆಯ ಕಸವನ್ನು ಕೆರೆದು, ಟ್ಯಾಂಗ್‌ನಲ್ಲಿ ಅರದಿಂದ ಅಡ್ಡ ಕಚ್ಚುಗಳನ್ನು ಮಾಡಿ. ತೂತಿನಲ್ಲಿ ಎಪಾಕ್ಸಿ ತುಂಬಿ ಟ್ಯಾಂಗನ್ನು ನಿಧಾನವಾಗಿ ಇಳಿಸಿದರೆ ಗಾಳಿಯ ಗುಳ್ಳೆ ಉಳಿಯುವುದಿಲ್ಲ. ಒಳಗಿನದು ಅರಗು ಆಗಿದ್ದರೆ ಹಿಡಿಯನ್ನು ಬಿಸಿನೀರಿನಲ್ಲಿ ಅದ್ದಿದಾಗ ತಾನೇ ಮೆದುವಾಗುತ್ತದೆ. ಅರಗಿನ ಹಿಡಿಯ ಚಾಕುವನ್ನು ಬಿಸಿನೀರಿನಲ್ಲಿ ತೊಳೆಯಬಾರದು ಎನ್ನುವುದೂ ಇದಕ್ಕಾಗಿಯೇ.

ಪ್ರಶ್ನೆ: ಅಜ್ಜನ ಮನೆಯಲ್ಲಿ ಸಿಕ್ಕಿದ ಜಿಂಕೆಯ ಕೊಂಬಿನಿಂದ ಹಿಡಿ ಮಾಡಿಸಬಹುದೇ? (ಓದುಗರು, ಮಡಗಾಂವ್)

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಿಂಕೆ, ಕಡವೆಗಳ ಕೊಂಬಿನ ವ್ಯವಹಾರವನ್ನು ನಿಷೇಧಿಸಿದೆ. ನಿಮ್ಮ ರಾಜ್ಯಪ್ರಾಣಿಯಾದ ಕಾಟಿಯ ಕೊಂಬಿಗೂ ಅದೇ ನಿಯಮ. ಸಿಕ್ಕಿರುವ ಕೊಂಬಿನ ಕುರಿತು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಅದನ್ನು ಕೊಯ್ಯುವುದಾಗಲಿ ಯಾರಿಗಾದರೂ ಕೊಡುವುದಾಗಲಿ ಮಾಡಬೇಡಿ. ಅಂಥದೇ ನೋಟ ಬೇಕೆಂದರೆ ಸಾಕಿದ ಎಮ್ಮೆಯ ಕೊಂಬು ಇದೆ, ಆದರೆ ಅದೂ ತೇವಕ್ಕೆ ಬಾಗುತ್ತದೆ. ಗೋವೆಯಲ್ಲಿರುವ ನಿಮಗೆ ಮುದಿ ತೆಂಗಿನ ಕಾಂಡದ ಹೊರಭಾಗವೇ ವಾಸಿ. ಕಪ್ಪು ನಾರಿನ ಆ ಗಟ್ಟಿ ಭಾಗ ಚೆನ್ನಾಗಿ ಒಣಗಿರಲಿ. ಅದರ ನಾರು ಬೇಗ ಸಿಬಿರೇಳುವುದರಿಂದ ಹರಿತವಾದ ಗರಗಸ ಬಳಸಿ, ಉಜ್ಜುವಾಗ ಒಂದು ಹಂತವನ್ನೂ ಹಾರಿಸಬೇಡಿ.