ಎಡಿಸಿಯ ಕೆಪಾಸಿಟರ್ ಕಿರಿದು ಮಾಡುವ ಮೊದಲು ರೆಫರೆನ್ಸ್ ಬಫರ್ ಕಡೆ ನೋಡಿ

ಎದೆಗೆ ಅಂಟಿಸುವ ಇಸಿಜಿ ಪಟ್ಟಿಯೊಂದಕ್ಕಾಗಿ ಸೆಕೆಂಡಿಗೆ 1000 ಸ್ಯಾಂಪಲ್ ತೆಗೆಯುವ 10 ಬಿಟ್‌ನ ಎಸ್‌ಎಆರ್ ಎಡಿಸಿ (ಕೆಪಾಸಿಟರ್ ಸಾಲಿನಲ್ಲಿ ಹಿಡಿದ ವೋಲ್ಟೇಜನ್ನು ರೆಫರೆನ್ಸ್ ವೋಲ್ಟೇಜಿನ ಜೊತೆ ಒಂದೊಂದೇ ಬಿಟ್ ಆಗಿ ಹೋಲಿಸಿ ಅಂಕಿಯಾಗಿಸುವ ಸರ್ಕ್ಯೂಟ್) ವಿನ್ಯಾಸ ಮಾಡುತ್ತಿರುವುದಾಗಿ ತಿಳಿಸಿ, ವಿದ್ಯುತ್ ಬಳಕೆ ತಗ್ಗಿಸಲು ಒಂದೊಂದು ಬದಿಗೆ 1 ಪಿಕೋಫ್ಯಾರಡ್ ಇರುವ ಕೆಪಾಸಿಟರ್ ಸಾಲನ್ನು ಇನ್ನಷ್ಟು ಕಿರಿದು ಮಾಡಬೇಕೇ ಎಂದು ಕೇಳಿದ್ದೀರಿ. ನಾನು ಧಾರವಾಡದವನು, ಪುಣೆಯ ಹಿಂಜವಡಿಯಲ್ಲಿ ಇದೇ ಬಗೆಯ ಕೆಲಸ ಮಾಡುತ್ತೇನೆ. ಬೇಡ ಎಂಬುದೇ ನನ್ನ ಉತ್ತರ, ಕಾರಣ ಲೆಕ್ಕದಲ್ಲಿದೆ.

ಘಟಕ ಕೆಪಾಸಿಟರ್, ಅಂದರೆ ಸಾಲಿನ ಅತಿ ಚಿಕ್ಕ ಕೆಪಾಸಿಟರ್, 1 ಫೆಮ್ಟೋಫ್ಯಾರಡ್, ರೆಫರೆನ್ಸ್ 1 ವೋಲ್ಟ್ ಎಂದು ಹಿಡಿಯಿರಿ. ಸಾಂಪ್ರದಾಯಿಕ ಸ್ವಿಚಿಂಗ್ ಕ್ರಮದಲ್ಲಿ 10 ಬಿಟ್‌ನ ಒಂದು ಪರಿವರ್ತನೆಗೆ ಸರಾಸರಿ ಸುಮಾರು 1363 ಸಿವಿ² (ಸಿ ಘಟಕ ಕೆಪಾಸಿಟರ್, ವಿ ರೆಫರೆನ್ಸ್) ಶಕ್ತಿ, ಅಂದರೆ 1.4 ಪಿಕೋಜೌಲ್‌ನಷ್ಟು ಬೇಕು. ಸೆಕೆಂಡಿಗೆ 1000 ಸಲ ಎಂದರೆ ಅದು 1.4 ನ್ಯಾನೋವಾಟ್. 2010ರಲ್ಲಿ ಪ್ರಕಟವಾದ, ಪ್ರತಿ ಹಂತದಲ್ಲಿ ಒಂದೇ ಕೆಪಾಸಿಟರನ್ನು ಬದಲಿಸುವ ಮೊನೊಟಾನಿಕ್ ಸ್ವಿಚಿಂಗ್ ಇದರಲ್ಲಿ ಶೇ. 81ರಷ್ಟನ್ನು ಉಳಿಸುತ್ತದೆ, ಅದು ನಿಜಕ್ಕೂ ಚೆಂದದ ಉಪಾಯ, ಆದರೆ ನಿಮ್ಮ ವೇಗದಲ್ಲಿ ಉಳಿಯುವುದು ಒಂದು ನ್ಯಾನೋವಾಟ್ ಚಿಲ್ಲರೆ ಮಾತ್ರ. ಅದೇ ರೆಫರೆನ್ಸ್ ಬಫರ್ (ರೆಫರೆನ್ಸ್ ವೋಲ್ಟೇಜನ್ನು ಅಲುಗಾಡದಂತೆ ಒದಗಿಸುವ ಸರ್ಕ್ಯೂಟ್) ಸದಾ 1 ಮೈಕ್ರೋಆಂಪಿಯರ್ ಎಳೆಯುತ್ತಿದ್ದರೆ 1 ವೋಲ್ಟ್‌ನಲ್ಲಿ 1000 ನ್ಯಾನೋವಾಟ್ ಹೋಗುತ್ತದೆ, ಕೆಪಾಸಿಟರ್ ಸಾಲು ತಿನ್ನುವುದರ ಏಳುನೂರು ಪಟ್ಟು!

ಕೆಪಾಸಿಟರ್ ಕಿರಿದಾದಷ್ಟೂ ಸೋರಿಕೆಯ ಕಾಟವೂ ಹೆಚ್ಚುತ್ತದೆ. ಸ್ಯಾಂಪಲಿಂಗ್ ಸ್ವಿಚ್‌ನಲ್ಲಿ 1 ಪಿಕೋಆಂಪಿಯರ್ ಸೋರಿದರೂ, 1 ಪಿಕೋಫ್ಯಾರಡ್ ಮೇಲಿನ ವೋಲ್ಟೇಜ್ 1 ಮಿಲಿಸೆಕೆಂಡಿನಲ್ಲಿ 1 ಮಿಲಿವೋಲ್ಟ್ ಸರಿಯುತ್ತದೆ. ನಿಮ್ಮ 1 ವೋಲ್ಟ್ ವ್ಯಾಪ್ತಿಯಲ್ಲಿ ಕೊನೆಯ ಬಿಟ್‌ನ ಬೆಲೆಯೂ ಅಷ್ಟೇ. ಹಾಗಾಗಿ ಕ್ಲಾಕ್ ನಿಧಾನ ಮಾಡಿ ಪರಿವರ್ತನೆಯನ್ನು ಇಡೀ ಮಿಲಿಸೆಕೆಂಡಿಗೆ ಹಿಗ್ಗಿಸಬೇಡಿ, ಅದನ್ನು 20 ಮೈಕ್ರೋಸೆಕೆಂಡಿನೊಳಗೆ ಮುಗಿಸಿಬಿಡಿ. ಆಗ ಸ್ಯಾಂಪಲಿಂಗ್‌ಗೆ 900 ಮೈಕ್ರೋಸೆಕೆಂಡಿಗೂ ಹೆಚ್ಚು ಸಮಯ ಸಿಗುವುದರಿಂದ, ಎಡಿಸಿಗೆ ಸಿಗ್ನಲ್ ಕೊಡುವ ಆಂಪ್ಲಿಫೈಯರ್ ಅವಸರವಿಲ್ಲದೆ, ಕಡಿಮೆ ಕರೆಂಟಿನಲ್ಲೇ ನೆಲೆಗೊಳ್ಳಬಲ್ಲದು. ರೆಫರೆನ್ಸ್ ಬಫರನ್ನೂ ಆ ಹೊತ್ತಿಗಷ್ಟೇ ಎಬ್ಬಿಸಿ; ಏಳಲು ಬೇಕಾದ ಸಮಯ ಸೇರಿಸಿ 100 ಮೈಕ್ರೋಸೆಕೆಂಡ್ ಚಾಲೂ ಇಟ್ಟರೂ ಅದರ ಸರಾಸರಿ ಬಳಕೆ ಹತ್ತರಲ್ಲೊಂದಕ್ಕೆ ಇಳಿಯುತ್ತದೆ.

ನಾಯ್ಸ್ ವಿಷಯದಲ್ಲಿ ನಿಮಗೆ ಸದ್ಯ ಚಿಂತೆಯಿಲ್ಲ. ಕೋಣೆಯ ತಾಪಮಾನದಲ್ಲಿ 1 ಪಿಕೋಫ್ಯಾರಡ್ ಹಿಡಿದಿಡುವ ನಾಯ್ಸ್ ಸುಮಾರು 64 ಮೈಕ್ರೋವೋಲ್ಟ್, 10 ಬಿಟ್‌ನ ಕ್ವಾಂಟೈಸೇಶನ್ ನಾಯ್ಸ್ (ವೋಲ್ಟೇಜನ್ನು ಹತ್ತಿರದ ಅಂಕಿಗೆ ಹೊಂದಿಸುವಾಗ ಆಗುವ ತಪ್ಪು) 280ರ ಆಸುಪಾಸು. ಆದರೆ ನಾಳೆ 12 ಬಿಟ್ ಬೇಕೆಂದರೆ ಇವೆರಡೂ ಹೆಚ್ಚುಕಡಿಮೆ ಸಮವಾಗುತ್ತವೆ. ಅಂದು ಇಂದೇ ಕಿರಿದು ಮಾಡಿಟ್ಟ ಸಾಲು ನಿಮ್ಮ ಕೈ ಕಟ್ಟಿಹಾಕುತ್ತದೆ.

ಇನ್ನೊಂದು ಮಾತು ಅಳತೆಯ ಬಗ್ಗೆ. ಟೆಸ್ಟ್ ಬೋರ್ಡ್‌ನಲ್ಲಿ ಎಡಿಸಿ, ರೆಫರೆನ್ಸ್, ಆಂಪ್ಲಿಫೈಯರ್ ಮೂರಕ್ಕೂ ಸಪ್ಲೈ ದಾರಿಗಳನ್ನು ಬೇರೆ ಬೇರೆಯಾಗಿ ಇಡಿ. ನನ್ನ ಮೊದಲ ಬೋರ್ಡ್‌ನಲ್ಲಿ ಎಲ್ಲವೂ ಒಂದೇ ದಾರಿಯಲ್ಲಿದ್ದುದರಿಂದ ಯಾವುದು ಎಷ್ಟು ಎಳೆಯುತ್ತಿದೆ ಎಂಬುದೇ ಗೊತ್ತಾಗಲಿಲ್ಲ. ಅದು ಜುಲೈ ತಿಂಗಳು. ಹೊರಗೆ ಪುಣೆಯ ಮಳೆ ಜಿಟಿಜಿಟಿ ಸುರಿಯುತ್ತಿತ್ತು. ಬೆಳಿಗ್ಗೆ ಹೆಚ್ಚಿದ್ದ ಕರೆಂಟ್ ಮಧ್ಯಾಹ್ನ ಎಸಿ ಓಡಿದ ಮೇಲೆ ಇಳಿಯುತ್ತಿತ್ತು. ಎರಡು ವಾರ ಚಿಪ್ಪನ್ನೇ ಶಂಕಿಸಿದ ಮೇಲೆ, ಪಿನ್ನುಗಳ ನಡುವೆ ಉಳಿದಿದ್ದ ಸೋಲ್ಡರ್ ಫ್ಲಕ್ಸ್ ತೇವ ಹೀರಿ ಸೋರುತ್ತಿರುವುದು ಕಂಡಿತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಷ್ ಅದ್ದಿ ತೊಳೆದು, ಚೆನ್ನಾಗಿ ಒಣಗಿಸಿ ಅಳೆದಾಗಲಷ್ಟೇ ಅಂಕಿ ಸಿಮ್ಯುಲೇಶನ್ನಿಗೆ ಹೊಂದಿತು.