ಮೈ ನಡುಗಿದರೆ ಹುಚ್ಚು ಅಂತಲ್ಲ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ವಿಷಯವನ್ನಷ್ಟೇ ಹೇಳುತ್ತೇನೆ. ನೀವು ಅಪ್ಪನ ಸಿಟ್ಟಿಗೆ ಹೆದರಿ ಬೆಳೆದವರು. ಈಗ ಮೂರು ತಿಂಗಳಿಂದ ಆಪ್ತಸಮಾಲೋಚಕರ ಹತ್ತಿರ ಆ ದಿನಗಳ ಬಗ್ಗೆ ಮಾತಾಡುತ್ತಿದ್ದೀರಿ. ಮಾತಾಡಿ ಬಂದ ದಿನ ಕೈ ನಡುಗುತ್ತದೆ, ಆಕಳಿಕೆ ನಿಲ್ಲುವುದಿಲ್ಲ, ಹೊಟ್ಟೆ ಕೆಡುತ್ತದೆ, ಮಲಗಿದರೆ ಏಳೋದಕ್ಕೇ ಆಗುವುದಿಲ್ಲ. "ಸುಮ್ನೆ ಇದ್ದಾಗಲೇ ಚೆನ್ನಾಗಿದ್ದೆ. ಈಗ ಹುಚ್ಚು ಹಿಡೀತಿದೆಯಾ?" ಎಂದು ಕೇಳಿದ್ದೀರಿ.

ಇಲ್ಲ, ಖಂಡಿತ ಇಲ್ಲ.

ಭಯವಾದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ಸ್ನಾಯು ಬಿಗಿಯಾಗುತ್ತದೆ, ಜೀರ್ಣ ನಿಧಾನವಾಗುತ್ತದೆ. ಓಡು ಅಥವಾ ಎದುರು ನಿಲ್ಲು ಅಂತ ಮೈ ಹೇಳುತ್ತಿರುತ್ತದೆ. ಆದರೆ ಎಂಟು ವರ್ಷದ ಮಗು ಓಡಿ ಹೋಗುವುದಾದರೂ ಎಲ್ಲಿಗೆ? ಅದು ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಮೂಲೆಯಲ್ಲಿ ಕೂರುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಮೈಗೆ ಅದೇ ರೂಢಿಯಾಗುತ್ತದೆ. ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಪುಟ್ಟ ಭಾಗಕ್ಕೆ ಇಸವಿ ಗೊತ್ತಾಗುವುದಿಲ್ಲ. ನೀವು ಮಾತಾಡುತ್ತಿರುವುದು ಹಳೆಯ ಕಥೆ, ಅದು ಬಾರಿಸುವುದು ಈಗಿನ ಗಂಟೆ. ಗಂಟೆ ನಿಂತ ಮೇಲೆ ನಡುಕ, ಅಳು, ಸುಸ್ತು ಬರುವುದು ಎಷ್ಟೋ ಜನರ ಅನುಭವ.

1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ ಮತ್ತು ಅವರ ಸಹೋದ್ಯೋಗಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ಕೆಲವರು ತಮ್ಮ ಬದುಕಿನ ನೋವಿನ ಬಗ್ಗೆ, ಉಳಿದವರು ಮಾಮೂಲಿ ವಿಷಯದ ಬಗ್ಗೆ ಬರೆಯಬೇಕಿತ್ತು. ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರಿಗೆ ಬರೆದ ಕೂಡಲೇ ಬೇಸರ ಜಾಸ್ತಿಯಾಯಿತು, ರಕ್ತದೊತ್ತಡವೂ ಏರಿತು. ಆದರೆ ಮುಂದಿನ ತಿಂಗಳುಗಳಲ್ಲಿ, ಮಾಮೂಲಿ ವಿಷಯ ಬರೆದವರಿಗಿಂತ ಅವರು ವೈದ್ಯರ ಬಳಿ ಹೋದದ್ದು ಕಡಿಮೆ. ನಿಮ್ಮ ಪತ್ರ ಓದುವಾಗ ಇದೇ ನೆನಪಾಯಿತು.

ಹಾಗಂತ "ನಡುಗಿದಷ್ಟೂ ನೋವು ಹೊರಗೆ ಹೋಗುತ್ತೆ" ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಡುಕ ಗುಣವಾಗುವುದರ ಅಳತೆಯಲ್ಲ. ನಡುಗಿದ ಮೇಲೆ ಎಷ್ಟು ಬೇಗ ನೀವು ನೀವಾಗುತ್ತೀರಿ, ಅದನ್ನು ಗಮನಿಸಿ. ಸಂಜೆಗೆ ಅಥವಾ ಮರುದಿನಕ್ಕೆ ಸರಿಹೋದರೆ ವೇಗ ಸರಿಯಿದೆ ಅಂತ ಇಟ್ಟುಕೊಳ್ಳಬಹುದು. ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಮೈ ಮರಗಟ್ಟಿದಂತಾದರೆ, ನಿಮ್ಮನ್ನು ನೀವೇ ದೂರದಿಂದ ನೋಡುತ್ತಿರುವಂತೆ ಅನ್ನಿಸಿದರೆ, "ಸ್ವಲ್ಪ ನಿಧಾನ ಮಾಡೋಣ" ಎಂದು ಸಮಾಲೋಚಕರಿಗೆ ಹೇಳಿ. ಹೇಳುವುದಕ್ಕೆ ಸಂಕೋಚ ಬೇಡ. ಬದುಕೇ ಬೇಡ ಅನ್ನಿಸಿದರೆ ಮುಂದಿನ ಭೇಟಿಗೆ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ.

ಒಮ್ಮೆ ವೈದ್ಯರನ್ನೂ ನೋಡಿ. ಥೈರಾಯ್ಡ್ ಜಾಸ್ತಿಯಾದರೂ ಕೈ ನಡುಗುತ್ತದೆ, ರಕ್ತ ಕಡಿಮೆಯಾದರೂ ಸುಸ್ತಾಗುತ್ತದೆ. ಎಲ್ಲವನ್ನೂ ಬಾಲ್ಯದ ತಲೆಗೆ ಕಟ್ಟಬಾರದು, ಅಲ್ವಾ?

ಮಾತಾಡಿ ಬಂದ ದಿನ ಬೇರೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಪಾದ ನೆಲಕ್ಕೆ ಊರಿ ಕುಳಿತು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ಇಳಿಯುತ್ತದೆ. ನಿದ್ದೆ ಬಂದರೆ ಮಲಗಿ.

ಪತ್ರದ ಕೊನೆಯಲ್ಲಿ, ಆಮೇಲೆ ನೆನಪಾದಂತೆ, ಒಂದು ಸಾಲು ಸೇರಿಸಿದ್ದೀರಿ: ಹೋದ ವಾರ ಯಾರೋ ಬಾಗಿಲನ್ನು ದಢಾರನೆ ಹಾಕಿದಾಗ ಮೊದಲಿನ ಹಾಗೆ ಉಸಿರು ಕಟ್ಟಲಿಲ್ಲ ಎಂದು. ಇದನ್ನು ಸಮಾಲೋಚಕರಿಗೆ ಹೇಳಿದ್ದೀರಾ? ಮುಂದಿನ ಸಲ ಮಾತನ್ನು ಅಲ್ಲಿಂದಲೇ ಶುರುಮಾಡಿ.

— ಸಂಪಾದಕ